ಆಮಿಷಕ್ಕೆ ಕನ್ನಡ, ಅಪಾಯಕ್ಕೆ ಇಂಗ್ಲಿಷು

ನಮ್ಮ ಜಿಲ್ಲೆಯ ಮುಖ್ಯಪಟ್ಟಣದಲ್ಲಿ ಬಸ್ಸಿನಿಂದಿಳಿದು ನಿಲ್ದಾಣದ ಹೊರಕ್ಕೆ ಬಂದವನ ಕಣ್ಣಿಗೆ ಮೊದಲು ಬೀಳುವುದು ಒಂದು ದೊಡ್ಡ ಫಲಕ. ಅದರಲ್ಲಿ ನಗುತ್ತಿರುವ ಹೆಂಗಸೊಬ್ಬಳ ಅರ್ಧ ಮುಖವು ಸುಕ್ಕುಗಟ್ಟಿರುವುದು. ಉಳಿದರ್ಧವು ಸುಲಿದ ಮೊಟ್ಟೆಯಂತೆ ನುಣುಪಾಗಿರುವುದು. ಕೆಳಗೆ ಒಳ್ಳೆಯ ದುಂಡಕ್ಷರಗಳಲ್ಲಿ, ಕಾಗುಣಿತದ ತಪ್ಪೊಂದೂ ಇಲ್ಲದೆ, ಲೇಸರ್ ಕಿರಣದಿಂದ ನಿಮ್ಮ ಚರ್ಮಕ್ಕೆ ಹೊಸ ಹೊಳಪು, ನಿಮ್ಮ ವಯಸ್ಸಿನಲ್ಲಿ ಹತ್ತು ವರ್ಷದ ರಿಯಾಯಿತಿ ಎಂದು ಬರೆದಿರುವುದು. ಅಂಗಡಿಗಳ ಫಲಕಗಳಲ್ಲಿ ಕನ್ನಡವಿಲ್ಲವೆಂದು ಇದೇ ಪತ್ರಿಕೆಯಲ್ಲಿ ಒಂದಕ್ಕೆ ಮೂರು ಬಾರಿ ಗೋಳಾಡಿದ ನಾನು ಆ ಫಲಕವನ್ನು ಮೊದಲು ಕಂಡಾಗ ಸಂತೋಷಪಟ್ಟೆನು. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುವುದು.

ಆ ಸಂತೋಷದ ಬೆಲೆಯನ್ನು ತೆತ್ತವಳು ನನ್ನ ತಂಗಿ. ಅವಳು ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ಬಿಸಿಲಿನಲ್ಲಿ ಮಕ್ಕಳನ್ನು ಪ್ರಾರ್ಥನೆಗೆ ಸಾಲಾಗಿ ನಿಲ್ಲಿಸಿ, ಬಿಸಿಲಿನಲ್ಲಿಯೇ ಜನಗಣತಿಗೂ ಚುನಾವಣೆಗೂ ಊರೂರು ಅಲೆದವಳು. ಐವತ್ತೆರಡನೆಯ ವಯಸ್ಸಿಗೆ ಕಣ್ಣಿನ ಕೊನೆಗಳಲ್ಲಿ ಗೆರೆಗಳೂ ಕೆನ್ನೆಯ ಮೇಲೆ ಕೊಂಚ ಬಂಗೂ ಮೂಡಿದ್ದುವು. ಅದನ್ನು ಅವಳು ಎಂದೂ ಒಂದು ಕೊರತೆಯಾಗಿ ಎಣಿಸಿದವಳಲ್ಲ. 2023ರ ಮೇ ತಿಂಗಳಿಗೆ ಮಗಳ ಮದುವೆ ಗೊತ್ತಾಯಿತು. ನಿಶ್ಚಿತಾರ್ಥ ಮುಗಿಸಿ ಹಿಂದಿರುಗುವಾಗ ದಾರಿಯಲ್ಲಿ, “ಅಣ್ಣಾ, ಬೀಗಿತ್ತಿಯನ್ನು ನೋಡಿದೆಯಾ? ನನಗಿಂತ ನಾಲ್ಕು ವರ್ಷ ದೊಡ್ಡವರಂತೆ. ಪಕ್ಕದಲ್ಲಿ ನಿಂತರೆ ನಾನೇ ಅವರ ಅತ್ತೆಯ ಹಾಗೆ ಕಾಣುತ್ತೇನೆ” ಎಂದು ನಕ್ಕಳು. ಆ ನಗುವಿನೊಳಗೆ ಏನಿತ್ತೆಂಬುದು ನನಗೆ ಆಗಲೇ ತಿಳಿಯಬೇಕಾಗಿತ್ತು. ಯುಗಾದಿ ಕಳೆದ ವಾರದಲ್ಲಿ ಅವಳನ್ನು ಆ ಫಲಕದ ವಿಳಾಸಕ್ಕೆ ಕರೆದುಕೊಂಡು ಹೋದವನು ನಾನೇ.

ತಣ್ಣಗಿನ ಕೋಣೆ, ಮೃದುವಾದ ಕುರ್ಚಿ, ಮಲ್ಲಿಗೆಯ ಪರಿಮಳ. ಬಿಳಿಯ ನಿಲುವಂಗಿಯ ಹುಡುಗಿಯೊಬ್ಬಳು ಬಹು ವಿನಯದಿಂದ ಕನ್ನಡದಲ್ಲಿಯೇ ಮಾತನಾಡಿದಳು. ಚರ್ಮದ ಮೇಲಿನ ಹಳೆಯ ಪದರವನ್ನು ತೆಗೆದರೆ ಒಳಗಿನ ಹೊಸ ಪದರವು ಮೇಲಕ್ಕೆ ಬರುವುದೆಂದೂ, ನೋವು ಇರುವೆ ಕಚ್ಚಿದಷ್ಟೆಂದೂ, ಒಂದು ವಾರದೊಳಗೆ ಎಲ್ಲವೂ ಸರಿಹೋಗುವುದೆಂದೂ ಹೇಳಿದಳು. ಬಳಿಕ ನಾಲ್ಕು ಪುಟಗಳ ಕಾಗದವೊಂದನ್ನು ಮುಂದಿಟ್ಟಳು. ಅದು ಮೊದಲಿನಿಂದ ಕೊನೆಯವರೆಗೆ ಇಂಗ್ಲಿಷಿನಲ್ಲಿತ್ತು. ಸಣ್ಣ ಅಕ್ಷರ. “ಬರಿಯ ಫಾರ್ಮಾಲಿಟಿ ಅಮ್ಮಾ, ಇಲ್ಲೊಂದು ಸಹಿ. ಸಾರ್, ಸಾಕ್ಷಿಗೆ ನೀವು ಇಲ್ಲಿ.” ತಂಗಿ ನನ್ನ ಮುಖವನ್ನು ನೋಡಿದಳು. ನಾನು ಇಂಗ್ಲಿಷು ಬಲ್ಲವನು. ಕನ್ನಡಕವು ಜೇಬಿನಲ್ಲಿಯೇ ಇತ್ತು. ಅದನ್ನು ತೆಗೆಯದೆ ನಾನು ಸಹಿ ಮಾಡಿದೆನು; ನಾನು ಮಾಡಿದುದನ್ನು ಕಂಡು ಅವಳೂ ಮಾಡಿದಳು.

ಮುಖವು ಕೆಂಪಡರಿ ಊದಿಕೊಂಡಿತು. ಚುಕ್ಕೆಚುಕ್ಕೆಯಾಗಿ ಹಕ್ಕಳೆ ಕಟ್ಟಿ, ವಾರದಲ್ಲಿ ಉದುರಿತು. ಒಳಗಿನ ಚರ್ಮವು ನಿಜವಾಗಿಯೂ ನಯವಾಗಿತ್ತು. ಮನೆಮಂದಿಯೆಲ್ಲ ಮೆಚ್ಚಿದರು. ಅವಳು ಲಗ್ನಪತ್ರಿಕೆ ಹಂಚಲು ಹೊರಟಳು. ನಾಲ್ಕನೆಯ ವಾರದಲ್ಲಿ ಕೆನ್ನೆಗಳ ಮೇಲೆ, ಯಂತ್ರದ ಮೊನೆಯು ಮುಟ್ಟಿದಲ್ಲೆಲ್ಲ, ಬಲೆ ಹರಡಿದಂತೆ ಕಪ್ಪು ಏಳತೊಡಗಿತು. ಧಾರೆಯ ದಿವಸ ಅವಳು ಮಗಳ ಹಿಂದೆ ನಿಂತದ್ದು ಸೆರಗನ್ನು ಕೆನ್ನೆಗೆ ಎಳೆದುಕೊಂಡು. ಕೇಳಿದವರಿಗೆಲ್ಲ “ಪತ್ರಿಕೆ ಹಂಚುವಾಗ ಬಿಸಿಲು ಬಡಿಯಿತು” ಎಂದಳು. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳಾಡಬೇಡಿರೆಂದು ಹೇಳಿಕೊಟ್ಟವಳು. ಆ ಕಪ್ಪು ಹೋಗಲು ಸುಮಾರು ಒಂದು ವರ್ಷ ಹಿಡಿಯಿತು.

ಮದುವೆಯ ಗದ್ದಲ ಮುಗಿದ ಮೇಲೆ ನಾನು ಆ ಕಾಗದದ ಪ್ರತಿಯನ್ನು ತೆಗೆದು, ಈ ಸಲ ಕನ್ನಡಕ ಹಾಕಿಕೊಂಡು, ಓದಿದೆನು. ಎರಡನೆಯ ಪುಟದಲ್ಲಿ ಎಲ್ಲವೂ ಇತ್ತು. ಸುಡುವುದು, ಕಪ್ಪಾಗುವುದು, ಬೆಳ್ಳಗಾಗುವುದು, ಕಲೆ ಉಳಿಯುವುದು, ಸೋಂಕು ತಗಲುವುದು: ಒಂದನ್ನೂ ಅವರು ಬಿಟ್ಟಿರಲಿಲ್ಲ. ಅವರು ಸುಳ್ಳು ಹೇಳಿದರೆಂದು ನಾನು ದೂರಲಾರೆನು. ಅವರು ಮಾಡಿದ್ದು ಅದಕ್ಕಿಂತ ಜಾಣತನದ ಕೆಲಸ. ಕರೆಯುವುದಕ್ಕೆ ಕನ್ನಡವನ್ನು ಬಳಸಿದರು. ಎಚ್ಚರಿಸುವುದಕ್ಕೆ ಇಂಗ್ಲಿಷನ್ನು ಬಳಸಿದರು. ನನ್ನ ಜಗಳವು ಇಷ್ಟರ ಮೇಲೆಯೇ.

ಈ ಚಿಕಿತ್ಸೆಯು ವಾಸ್ತವವಾಗಿ ಏನೆಂಬುದನ್ನು ಬಿಡಿಸಿ ಹೇಳುವುದು ಕಷ್ಟವಲ್ಲ. ಲೇಸರ್ ಎಂಬುದು ಒಂದೇ ಬಣ್ಣದ, ಒಂದೇ ದಿಕ್ಕಿಗೆ ಸಾಗುವ, ಚದರದ ಬೆಳಕು. ಅದರ ತತ್ತ್ವವನ್ನು 1917ರಲ್ಲಿ ಐನ್‌ಸ್ಟೈನರು ಸೂಚಿಸಿದರು. 1960ರಲ್ಲಿ ಅಮೆರಿಕದ ಥಿಯೋಡೋರ್ ಮೇಮನ್ ಎಂಬವರು ಕೆಂಪು ಮಾಣಿಕ್ಯದ ಕಡ್ಡಿಯಿಂದ ಅದನ್ನು ಮೊದಲು ಹೊರಡಿಸಿದರು. ಮುಖಕ್ಕೆ ಹಿಡಿಯುವ ಇಂಗಾಲಾಮ್ಲದ ಲೇಸರನ್ನು 1964ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ರಚಿಸಿದವರು ನಮ್ಮ ನೆರೆಯ ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಓದಿದ ಕುಮಾರ್ ಪಟೇಲರು. ಆ ಕಿರಣದಿಂದ ಉಕ್ಕನ್ನೂ ಕತ್ತರಿಸುವರು. ಅದರ ಅಲೆಯ ಉದ್ದವು 10,600 ನ್ಯಾನೋಮೀಟರು. ಇದನ್ನು ನೀರು ಬಹು ಆತುರದಿಂದ ಹೀರಿಕೊಳ್ಳುವುದು. ನಮ್ಮ ಚರ್ಮದ ಕಣಗಳಲ್ಲಿ ಹೆಚ್ಚಿನ ಭಾಗವು ನೀರೇ ಅಷ್ಟೆ. ಕಿರಣವು ತಾಗಿದೊಡನೆ, ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತಿನಲ್ಲಿ, ಆ ನೀರು ಕುದಿದು ಆವಿಯಾಗಿ ಕಣವನ್ನು ಕೊಂಡೊಯ್ಯುವುದು. ಮುಖದ ಹೊರಚರ್ಮವು ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ದಪ್ಪ. ಅದು ಹೋದ ಮೇಲೆ ಉಳಿದ ಕಾವು ಒಳಚರ್ಮಕ್ಕೆ ಇಳಿದು ಅಲ್ಲಿನ ಕೊಲಾಜೆನ್ ನಾರುಗಳನ್ನು ಕುಗ್ಗಿಸುವುದು. ದೇಹವು ಇದನ್ನು ಗಾಯವೆಂದು ತಿಳಿದು, ಗಾಯಕ್ಕೆ ಮಾಡತಕ್ಕದ್ದನ್ನೇ ಮಾಡುವುದು: ಮೇಲೆ ಹೊಸ ಚರ್ಮವನ್ನು ಹೊದಿಸುವುದು, ಒಳಗೆ ತಿಂಗಳುಗಟ್ಟಲೆ ಹೊಸ ನಾರನ್ನು ನೇಯುವುದು. ನುಣುಪು ಬರುವುದು ಹೀಗೆ. ಬೆಳಕು ನುಣುಪನ್ನು ಕೊಡುವುದಿಲ್ಲ, ಬೆಳಕು ಸುಡುವುದು. ನುಣುಪನ್ನು ಕೊಡುವುದು ಮಾಯುತ್ತಿರುವ ಗಾಯ.

1990ರ ದಶಕದಲ್ಲಿ ಮುಖವನ್ನೆಲ್ಲ ಒಂದೇ ಸಲಕ್ಕೆ ಸುಡುತ್ತಿದ್ದರು. ಅಂಥವರ ಮುಖವು ತಿಂಗಳುಗಟ್ಟಲೆ ಕೆಂಪಾಗಿಯೇ ಉಳಿಯುತ್ತಿತ್ತು. ಕೆಲವರಿಗೆ ಆರು ತಿಂಗಳೋ ವರ್ಷವೋ ಕಳೆದ ಮೇಲೆ ಮರಳಿ ಬಣ್ಣವೇರದ ಬಿಳಿಪು ಕಾಣಿಸಿಕೊಳ್ಳುತ್ತಿತ್ತು. 2004ರಲ್ಲಿ ಬೋಸ್ಟನ್ನಿನ ವೈದ್ಯವಿಜ್ಞಾನಿಗಳಾದ ಮಾನ್‌ಸ್ಟೈನ್, ಆಂಡರ್ಸನ್ ಮೊದಲಾದವರು ಬೇರೊಂದು ಉಪಾಯವನ್ನು ಪ್ರಕಟಿಸಿದರು. ಕಿರಣವನ್ನು ಸೂಜಿಮೊನೆಗಿಂತ ಸಣ್ಣ ಕಂಬಗಳಾಗಿ ಒಡೆದು, ನಡುನಡುವೆ ಸುಡದ ಚರ್ಮವನ್ನು ಉಳಿಸುವುದು. ಉಳಿದ ಚರ್ಮವು ಸುಟ್ಟದ್ದನ್ನು ಬೇಗ ಮಾಯಿಸುವುದು. ಈಗ ಹೆಚ್ಚಾಗಿ ನಡೆಯುತ್ತಿರುವುದು ಈ ಬಗೆಯದು. ಮೊದಲಿನದಕ್ಕಿಂತ ಇದು ಬಹಳ ಮೇಲು, ಸಂದೇಹವಿಲ್ಲ. ಆದರೆ ನೂರು ಚಿಕ್ಕ ಸುಡುಗಾಯಗಳು ಒಂದು ದೊಡ್ಡ ಸುಡುಗಾಯಕ್ಕಿಂತ ಮೇಲೆಂದ ಮಾತ್ರಕ್ಕೆ ಅವು ಸುಡುಗಾಯಗಳಲ್ಲವೆಂದು ಆಗಲಿಲ್ಲ.

ಇನ್ನು ನಮ್ಮ ಮೈಬಣ್ಣದ ಮಾತು. ಹಾರ್ವರ್ಡಿನ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಎಂಬ ಚರ್ಮವೈದ್ಯರು 1975ರಲ್ಲಿ ಮನುಷ್ಯರ ಚರ್ಮವನ್ನು, ಅದು ಬಿಸಿಲಿಗೆ ಕೆಂಪೇರುವುದೋ ಕಪ್ಪೇರುವುದೋ ಎಂಬುದರ ಮೇಲೆ, ವಿಂಗಡಿಸಲು ತೊಡಗಿದರು. ಮುಂದೆ ಅದು ಆರು ತರಗತಿಗಳಾಯಿತು. ನಮ್ಮವರಲ್ಲಿ ಬಹುಮಂದಿ ನಾಲ್ಕು ಮತ್ತು ಐದನೆಯ ತರಗತಿಯವರು. ಇಂಥ ಚರ್ಮಕ್ಕೆ ಒಂದು ಸ್ವಭಾವವುಂಟು. ಅದನ್ನು ಕೆರೆದರೂ ಸುಟ್ಟರೂ ಸೊಳ್ಳೆ ಕಚ್ಚಿದರೂ ಅದು ಕಪ್ಪಿನ ಮೂಲಕ ಉತ್ತರಕೊಡುವುದು. ಎಣ್ಣೆ ಸಿಡಿದ ಕೈಯನ್ನು ನೋಡಿಕೊಂಡ ಯಾವ ಗೃಹಿಣಿಗಾದರೂ ಇದು ತಿಳಿದ ಸಂಗತಿ. ಮಾರುವವರು ಇದಕ್ಕೆ ಸಿದ್ಧಪಡಿಸಿಟ್ಟಿರುವ ಉತ್ತರವೇನೆಂದರೆ, ಈ ಕಿರಣವು ನೀರನ್ನು ಹುಡುಕುವುದೇ ಹೊರತು ಬಣ್ಣವನ್ನಲ್ಲ. ಆದುದರಿಂದ ಯಾವ ಬಣ್ಣದವರಿಗಾದರೂ ಭಯವಿಲ್ಲ ಎಂಬುದು. ಮೊದಲರ್ಧವು ನಿಜ. ಕಿರಣಕ್ಕೆ ಬಣ್ಣ ಕಾಣುವುದಿಲ್ಲ. ಆದರೆ ಸುಟ್ಟುಕೊಂಡ ಚರ್ಮಕ್ಕೆ ತನ್ನ ಬಣ್ಣದ ನೆನಪುಂಟು! ಉರಿಯೆದ್ದೊಡನೆ ಅದರಲ್ಲಿನ ಮೆಲನಿನ್ ಕಣಗಳು ಎಚ್ಚೆತ್ತು ಬಣ್ಣವನ್ನು ಸುರಿಯುವುವು. ಮೊದಲೇ ಬಂಗಿರುವ ಕೆನ್ನೆಯಲ್ಲಿ ಈ ಅಪಾಯವು ಇನ್ನೂ ಹೆಚ್ಚು. ಇದು ಸಾಮಾನ್ಯವಾಗಿ ತಿಂಗಳುಗಳು ಕಳೆದಂತೆ ತಿಳಿಯಾಗುವುದೆಂಬುದನ್ನೂ, ಬಲ್ಲ ವೈದ್ಯರು ಕಿರಣದ ಬಿಸುಪನ್ನು ತಗ್ಗಿಸಿ, ಮೊದಲು ಕಿವಿಯ ಹಿಂದೆಯೋ ದವಡೆಯ ಅಂಚಿನಲ್ಲಿಯೋ ಪರೀಕ್ಷಿಸಿ, ಬಿಸಿಲುಕಾಲವನ್ನು ಬಿಟ್ಟು ಚಿಕಿತ್ಸೆ ಮಾಡಿ ಇದನ್ನು ಬಹುಮಟ್ಟಿಗೆ ತಪ್ಪಿಸುವರೆಂಬುದನ್ನೂ ನ್ಯಾಯವಾಗಿ ಹೇಳತಕ್ಕದ್ದು. ಮದುವೆಗೆ ಆರು ವಾರವಿರುವಾಗ, ಚೈತ್ರದ ಬಿಸಿಲಿನಲ್ಲಿ, ಊರೂರು ಪತ್ರಿಕೆ ಹಂಚಲಿರುವ ಹೆಂಗಸಿಗೆ ಇದನ್ನು ಹಚ್ಚಕೂಡದೆಂದು ಹೇಳುವುದಕ್ಕೆ ದೊಡ್ಡ ವಿದ್ಯೆಯೇನೂ ಬೇಕಾಗಿರಲಿಲ್ಲ. ಅವಳನ್ನು ಯಾರೂ ಕೇಳಲಿಲ್ಲ. ಅವಳಿಗೆ ಕೇಳಲು ಮಾತಿರಲಿಲ್ಲ.

ಮಾತಿರಲಿಲ್ಲವೆಂದೆನು. ಈ ವ್ಯಾಪಾರದ ಹೆಸರುಗಳನ್ನೇ ನೋಡಿರಿ. ರಿಸರ್ಫೇಸಿಂಗ್ ಎಂಬುದು ಇಂಗ್ಲಿಷಿನವರು ರಸ್ತೆಗೆ ಹೊಸ ಡಾಂಬರು ಬಳಿಯುವುದಕ್ಕೆ ಬಳಸುವ ಮಾತು. ನಮ್ಮ ಜಿಲ್ಲೆಯ ರಸ್ತೆಗಳನ್ನು ಬಲ್ಲವರು ಆ ಮಾತನ್ನು ಕೇಳಿದೊಡನೆ ಎದ್ದು ಮನೆಗೆ ಬರಬೇಕಾಗಿತ್ತು. ಪಾಲಿಷು, ಟೋನಿಂಗು, ಗ್ಲೋ, ರಿಜುವಿನೇಷನ್ನು: ಒಂದೊಂದೂ ಗಾಯವೆಂಬ ಮಾತನ್ನು ಬಾಯಿಗೆ ಬರಗೊಡದಂತೆ ತಡೆಯುವ ಬಾಗಿಲು. ಕನ್ನಡದಲ್ಲಿ ಸುಡು ಎಂಬ ಧಾತುವಿದೆ. ಮಗುವಿಗೂ ಗೊತ್ತು. ‘ನಿಮ್ಮ ಮುಖವನ್ನು ಸುಡುತ್ತೇವೆ, ಒಪ್ಪುವಿರಾ?’ ಎಂದು ಕೇಳಿದ್ದರೆ ನನ್ನ ತಂಗಿ ಹತ್ತು ಪ್ರಶ್ನೆ ಕೇಳುತ್ತಿದ್ದಳು. ಆ ಹತ್ತಕ್ಕೆ ಉತ್ತರ ಸಿಕ್ಕ ಮೇಲೆಯೂ ಅವಳು ಒಪ್ಪಬಹುದಾಗಿತ್ತು. ಅದು ಅವಳ ಇಷ್ಟ. ಹೀಗೆ ಕೇಳದೆ ಪಡೆದ ಸಹಿಯನ್ನು ಒಪ್ಪಿಗೆಯೆನ್ನಲು ನನಗೆ ಮನಸ್ಸು ಬಾರದು.

ಇದು ನನ್ನೊಬ್ಬನ ಹಟವಲ್ಲ. 2008ರ ಜನವರಿಯಲ್ಲಿ ದೆಹಲಿಯ ಮಹಿಳೆಯೊಬ್ಬರ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಒಪ್ಪಿಗೆಯೆಂದರೇನೆಂಬುದನ್ನು ಸ್ಪಷ್ಟಪಡಿಸಿರುವುದು. ಚಿಕಿತ್ಸೆಯ ಸ್ವರೂಪ, ಅದರ ಫಲ, ಅದಕ್ಕೆ ಬದಲಾಗಿರುವ ದಾರಿಗಳು, ಗಣನೀಯವಾದ ಅಪಾಯಗಳು, ಮಾಡಿಸದಿದ್ದರೆ ಆಗುವ ಪರಿಣಾಮ, ಇಷ್ಟನ್ನೂ ರೋಗಿಯು ತೂಗಿನೋಡಿ ನಿರ್ಧರಿಸುವಂತೆ ತಿಳಿಸಿ ಪಡೆದದ್ದೇ ಒಪ್ಪಿಗೆ. ಓದಲಾರದ ಭಾಷೆಯಲ್ಲಿ ಕೊಟ್ಟದ್ದನ್ನು ತೂಗುವುದು ಹೇಗೆ? 2002ರ ವೈದ್ಯವೃತ್ತಿಯ ನೀತಿನಿಯಮಗಳು ವೈದ್ಯರು ಜಾಹೀರಾತುಗಳಿಂದ ರೋಗಿಗಳನ್ನು ಸೆಳೆಯಕೂಡದೆಂದು ಹೇಳುವುವು. ಆ ನಿಯಮಕ್ಕೂ ಬಸ್‌ನಿಲ್ದಾಣದ ಫಲಕಕ್ಕೂ ಪರಿಚಯವಿದ್ದಂತೆ ಕಾಣದು. ಆಮೇಲೆ 2024ರಲ್ಲಿ ನಮ್ಮ ರಾಜ್ಯದಲ್ಲಿ ನಾಮಫಲಕಗಳ ಶೇಕಡಾ 60ರಷ್ಟು ಭಾಗವು ಕನ್ನಡದಲ್ಲಿರಬೇಕೆಂದು ಕಾನೂನಿಗೆ ತಿದ್ದುಪಡಿ ಬಂದಿತು. ನಾವೆಲ್ಲ ಸಭೆ ಸೇರಿ ಅಭಿನಂದಿಸಿದೆವು. ನನ್ನ ತಂಗಿ ಸಹಿ ಮಾಡಿದ ಕಾಗದದಲ್ಲಿ ಶೇಕಡಾ 60 ಹೋಗಲಿ, ಒಂದಕ್ಷರ ಕನ್ನಡವೂ ಇರಲಿಲ್ಲ. ಬಾಗಿಲ ಹೊರಗಿನ ಕನ್ನಡಕ್ಕೆ ಇಷ್ಟು ಹೋರಾಡಿದ ನಾವು ಒಳಗಿನ ಕನ್ನಡವನ್ನು ಒಮ್ಮೆಯಾದರೂ ಕೇಳಿದೆವೆ?

ನಮ್ಮ ಸಂಘದ ಹಿರಿಯರೊಬ್ಬರು ಈ ಕಥೆಯನ್ನು ಕೇಳಿ, ಹೆಂಗಸರ ಚಪಲಕ್ಕೆ ತಕ್ಕ ಶಾಸ್ತಿಯಾಯಿತೆಂದರು; ಯಯಾತಿಯ ಉಪಾಖ್ಯಾನವನ್ನೂ ಉದಾಹರಿಸಿದರು. ಅವರ ಮೀಸೆಯು ಕಾಡಿಗೆಗಿಂತ ಕಪ್ಪಗಿರುವುದು; ಪ್ರತಿ ಹದಿನೈದು ದಿನಕ್ಕೊಮ್ಮೆ ಅದಕ್ಕೆ ಯಾವ ಉಪಚಾರ ನಡೆಯುವುದೆಂಬುದನ್ನು ನಾನು ಇಲ್ಲಿ ಬಯಲುಮಾಡುವುದಿಲ್ಲ. ಅವರು ಯಯಾತಿಯನ್ನು ಎತ್ತಿದುದು ಮಾತ್ರ ಒಳ್ಳೆಯದಾಯಿತು. ಯಯಾತಿಯು ಮಕ್ಕಳ ಮುಂದೆ ಕೈಯೊಡ್ಡಿದಾಗ, ನನ್ನ ಮುಪ್ಪನ್ನು ತೆಗೆದುಕೊಂಡು ನಿನ್ನ ಹರೆಯವನ್ನು ಕೊಡು ಎಂದೇ ಕೇಳಿದನು. ಬೇಡವೆಂದ ನಾಲ್ವರಿಗೂ ತಾವು ಬೇಡವೆಂದುದು ಏನೆಂಬುದು ಗೊತ್ತಿತ್ತು. ಒಪ್ಪಿದ ಪೂರುವಿಗೂ ಗೊತ್ತಿತ್ತು. ಆ ವ್ಯವಹಾರದಲ್ಲಿ ಲೋಭವಿದ್ದಿತು, ಮರೆಮಾಚುವಿಕೆಯಿರಲಿಲ್ಲ. ಇನ್ನು ಚಪಲದ ಮಾತು. ಮೂವತ್ತು ವರ್ಷ ದುಡಿದ ಹೆಂಗಸಿಗೆ ತನ್ನ ಮಗಳ ಮದುವೆಯಲ್ಲಿ ಬೀಗಿತ್ತಿಯ ಪಕ್ಕ ನಿಲ್ಲಲು ಅಳುಕುಂಟಾದರೆ, ಆ ಅಳುಕನ್ನು ಹುಟ್ಟಿಸಿದವರು ಯಾರು? ಛತ್ರದಲ್ಲಿ ಊಟಕ್ಕೆ ಕೂತು ಹೆಣ್ಣಿನ ತಾಯಿಗೆ ವಯಸ್ಸೆಷ್ಟಿರಬಹುದೆಂದು ಪಿಸುಗುಟ್ಟುವ ನಾವೇ ಅಲ್ಲವೆ? ಹಳೆಯ ಕನ್ನಡಿಗರು ಸುಕ್ಕನ್ನು ‘ತೆರೆ’ಯೆಂದು ಕರೆದರು. ನೀರಿನ ಮೇಲೆ ಏಳುವುದಕ್ಕೂ ಅದೇ ಹೆಸರು. ನರೆತೆರೆಗಳೆಂದು ಜೊತೆಗೂಡಿಸಿ ಹೇಳುವಾಗ ಅವರ ದನಿಯಲ್ಲಿ ವಿಷಾದವಿದ್ದಿರಬಹುದು; ಆದರೆ ಅದನ್ನು ವಾಸಿಮಾಡಿಸಿಕೊಳ್ಳತಕ್ಕ ರೋಗವೆಂದು ಅವರು ಎಣಿಸಲಿಲ್ಲ.

ನಾನು ಈ ಯಂತ್ರದ ವೈರಿಯಲ್ಲ. ಸ್ಟೌ ಸಿಡಿದು ಕುತ್ತಿಗೆಯ ಚರ್ಮವು ಬಿಗಿದು ತಲೆ ತಿರುಗಿಸಲಾರದವರಿಗೆ ಇದೇ ಕಿರಣವು ಆ ಬಿಗಿತವನ್ನು ಸಡಿಲಿಸಿ ಉಪಕಾರಮಾಡಬಲ್ಲದು. ಹರೆಯದ ಮೊಡವೆಗಳಿಂದ ಕೆನ್ನೆಯೆಲ್ಲ ಗುಳಿಬಿದ್ದು ನಾಲ್ಕು ಜನರೆದುರು ತಲೆಯೆತ್ತಲಾರದ ಹುಡುಗರಿಗೂ ಹುಡುಗಿಯರಿಗೂ ಇದರಿಂದ ಪ್ರಯೋಜನವುಂಟು. ಚರ್ಮವೈದ್ಯದಲ್ಲಿ ವರ್ಷಗಟ್ಟಲೆ ಓದಿ ಪಳಗಿದ ವೈದ್ಯರು, ತಾವೇ ಕುಳಿತು ಮಾತನಾಡಿ, ತಾವೇ ಯಂತ್ರವನ್ನು ಹಿಡಿದು ಮಾಡುವ ಕೆಲಸದ ಬಗ್ಗೆ ನನ್ನ ತಕರಾರಿಲ್ಲ. ಅಂಥವರ ಬಳಿಗೆ ಹೋದ ಬಂಗಿನವರನ್ನು ಅವರು ಎಷ್ಟೋ ಸಲ ಇದು ನಿಮಗೆ ಬೇಡವೆಂದು ಹಿಂದಕ್ಕೆ ಕಳುಹಿಸುವುದೂ ಉಂಟು. ನನ್ನ ತಕರಾರೇನಿದ್ದರೂ ಬೇಡವೆನ್ನಲು ಬಾರದವರ ಮೇಲೆ.

ಬದಲಾಗಿರುವ ದಾರಿಗಳನ್ನು ತಿಳಿಸಬೇಕೆಂದು ನ್ಯಾಯಾಲಯವು ಹೇಳಿತಷ್ಟೆ. ನನ್ನ ತಂಗಿಗೆ ಯಾರೂ ತಿಳಿಸದ ಒಂದು ದಾರಿಯನ್ನು ಇಲ್ಲಿ ಬರೆಯುತ್ತೇನೆ. ಮುಖದ ಸುಕ್ಕಿಗೆ ಮುಪ್ಪಿಗಿಂತ ಬಿಸಿಲು ಹೆಚ್ಚಿನ ಕಾರಣವೆಂಬುದನ್ನು ಕಾಣಲು ರವಕೆಯ ಮರೆಯಲ್ಲಿರುವ ತೋಳಿನ ಚರ್ಮವನ್ನೂ ಮುಂಗೈಯ ಚರ್ಮವನ್ನೂ ಪಕ್ಕಪಕ್ಕಕ್ಕೆ ಹಿಡಿದು ನೋಡಿದರೆ ಸಾಕು. ಎರಡಕ್ಕೂ ವಯಸ್ಸು ಒಂದೇ. ಆಸ್ಟ್ರೇಲಿಯದ ನಂಬೂರ್ ಎಂಬ ಊರಿನಲ್ಲಿ ಐವತ್ತೈದು ದಾಟದ 903 ಮಂದಿಯನ್ನು ನಾಲ್ಕೂವರೆ ವರ್ಷ ಗಮನಿಸಿ 2013ರಲ್ಲಿ ಫಲವನ್ನು ಪ್ರಕಟಿಸಿದರು. ಬಿಸಿಲುತಡೆಯ ಲೇಪವನ್ನು ದಿನವೂ ಹಚ್ಚಿಕೊಂಡವರ ಚರ್ಮವು, ಇಷ್ಟಬಂದಾಗ ಹಚ್ಚಿಕೊಂಡವರದಕ್ಕಿಂತ ಶೇಕಡಾ 24ರಷ್ಟು ಕಡಿಮೆ ಮುಪ್ಪನ್ನು ತೋರಿಸಿತು. ಅವರು ಬಹುತೇಕ ಬಿಳಿಯರು. ಅಂಕೆಯು ನಮಗೆ ಹಾಗೆಹಾಗೆಯೇ ಒಪ್ಪುವುದೆಂದು ಹೇಳಲಾಗದು. ಆದರೂ ಲೇಪದಿಂದಾಗಲಿ ಕೊಡೆಯಿಂದಾಗಲಿ ಯಾರ ಕೆನ್ನೆಯ ಮೇಲೂ ಬಲೆ ಏಳಲಿಲ್ಲ. ಕೊಡೆ ಮಾರುವವರಿಗೆ ಬಸ್‌ನಿಲ್ದಾಣದಲ್ಲಿ ಫಲಕ ನಿಲ್ಲಿಸುವಷ್ಟು ಲಾಭವಿಲ್ಲ, ಅಷ್ಟೆ.

ಇಂಥ ವಿಷಯಗಳನ್ನು ಕನ್ನಡದಲ್ಲಿ ಹೇಳಲಾಗದು, ವೈದ್ಯಕೀಯ ಪದಗಳು ನಮ್ಮಲ್ಲಿಲ್ಲ ಎಂದು ಹೇಳುವವರಿಗಾಗಿ ನಾನೇ ಒಂದು ಒಪ್ಪಿಗೆಪತ್ರದ ಕರಡನ್ನು ಬರೆದಿರುವೆನು: “ಈ ಯಂತ್ರದ ಕಿರಣವು ನಿಮ್ಮ ಮುಖದ ಚರ್ಮವನ್ನು ಸುಡುವುದು. ಸುಟ್ಟ ಗಾಯವು ಮಾಯುವಾಗ ಹೊಸ ಚರ್ಮವು ಬರುವುದು. ಅದು ಮೊದಲಿಗಿಂತ ನುಣುಪಾಗಿರಬಹುದು. ಕೆಲವು ದಿನ ಮುಖವು ಕೆಂಪಾಗಿ ಊದಿರುವುದು. ಹಕ್ಕಳೆ ಕಟ್ಟಿದರೆ ಕೀಳಬಾರದು. ನಿಮ್ಮದು ಕಂದು ಮೈಬಣ್ಣವಾದುದರಿಂದ ಸುಟ್ಟ ಕಡೆ ಕಪ್ಪಾಗುವ ಸಂಭವವು ಬಿಳಿಯರಿಗಿಂತ ಹೆಚ್ಚು. ಅದು ಹೋಗಲು ತಿಂಗಳುಗಳು ಹಿಡಿಯಬಹುದು. ಕೆಲವರಿಗೆ ಕಲೆಯೋ ಬಿಳುಪೋ ಕಡೆಯವರೆಗೂ ಉಳಿಯಬಹುದು. ತುಟಿಯ ಬಳಿ ಹಿಂದೆಂದಾದರೂ ನೀರುಗುಳ್ಳೆ ಎದ್ದಿದ್ದರೆ ವೈದ್ಯರಿಗೆ ತಿಳಿಸಿರಿ. ಅದು ಮುಖವೆಲ್ಲ ಹರಡಬಹುದು. ಮುಂದಿನ ಕೆಲವು ತಿಂಗಳು ಬಿಸಿಲಿನಲ್ಲಿ ತಿರುಗುವ ಕೆಲಸವಿದ್ದರೆ ಇದನ್ನು ಈಗ ಮಾಡಿಸಬೇಡಿರಿ. ಸುಕ್ಕಿಗಾಗಿ ಇದನ್ನು ಮಾಡಿಸದಿದ್ದರೆ ನಿಮ್ಮ ಆರೋಗ್ಯಕ್ಕೆ ಯಾವ ಹಾನಿಯೂ ಇಲ್ಲ.”

ಇದರಲ್ಲಿ ಯಾವ ಪದವು ನಮ್ಮಲ್ಲಿಲ್ಲ? ಇದನ್ನು ತನ್ನ ಶಾಲೆಯ ಅಕ್ಷರದಲ್ಲಿ ಚೊಕ್ಕಟವಾಗಿ ಬರೆದುಕೊಟ್ಟವಳು ನನ್ನ ತಂಗಿಯೇ. ನಾನು ಮೂರನೆಯ ವಾಕ್ಯದಲ್ಲಿ ‘ನುಣುಪಾಗಿರುವುದು’ ಎಂದು ಬರೆದಿದ್ದೆನು. ಅವಳು ಅದನ್ನು ಹೊಡೆದು ‘ನುಣುಪಾಗಿರಬಹುದು’ ಎಂದು ತಿದ್ದಿದಳು. ಬಳಿಕ ಕರಡನ್ನು ನಮ್ಮ ಸಂಘದ ಸದಸ್ಯರಾದ ವೈದ್ಯರೊಬ್ಬರಿಗೆ ತೋರಿಸಿದೆನು. ಅವರು ಸಂಗತಿಗಳೆಲ್ಲ ಸರಿಯಾಗಿವೆಯೆಂದರು. ‘ಸುಡುವುದು’ ಎಂಬ ಮಾತು ಮಾತ್ರ ಜನರನ್ನು ಹೆದರಿಸುವುದೆಂದೂ, ಅದರ ಬದಲು ‘ನಿಯಂತ್ರಿತ ಉಷ್ಣೋಪಚಾರ’ ಎಂದು ಹಾಕಬೇಕೆಂದೂ ಸೂಚಿಸಿದರು. ಇಂಗ್ಲಿಷು ಮುಚ್ಚಿದ ಗಾಯವನ್ನು ಸಂಸ್ಕೃತದಿಂದ ಮುಚ್ಚುವುದಕ್ಕೆ ನಾನು ಒಪ್ಪಲಾರೆನು. ಕರಡನ್ನು ಕಾರ್ಯಕಾರೀ ಸಮಿತಿಗೆ ಕೊಟ್ಟಿರುವೆನು. ಮುಂದಿನ ಸಭೆಯಲ್ಲಿ ಅದನ್ನು ಚರ್ಚಿಸಿ, ಸಂಘದ ಹೆಸರಿನಲ್ಲಿ ಅಚ್ಚುಹಾಕಿಸಿ, ಜಿಲ್ಲೆಯಲ್ಲಿ ಇಂಥ ಫಲಕ ನಿಲ್ಲಿಸಿದವರಿಗೆಲ್ಲ ಕಳುಹಿಸಬೇಕೆಂದು ನನ್ನ ಬಿನ್ನಹ. ಸಮಿತಿಯವರು ಎಲ್ಲಿ ಬೇಕಾದರೂ ತಿದ್ದಲಿ. ‘ಸುಡುವುದು’ ಎಂಬುದನ್ನು ತೆಗೆಯುವುದಾದರೆ ಅದರ ಜೊತೆಗೆ ನನ್ನ ಹೆಸರನ್ನೂ ತೆಗೆಯಬೇಕು.